ಪಾಂಡುರಂಗನ ಗಾರೆಗಟ್ಟಿ

ಆ ದಿನ ಬೆಳಿಗ್ಗೆ ತುಂಗಾಬಾಯಿಯ ಬಚ್ಚಲೊಲೆಯ ಗುಂಡುಕಲ್ಲೊಂದು ಸೀಳಿಹೋಯಿತು. ಅಣ್ಣನ ಮಗ ಪಾಂಡುರಂಗ ಕಲಬುರಗಿಯ ದೊಡ್ಡ ಸಾಹೇಬರ ಮುಂದೆ ನಿಲ್ಲುವ ದಿನ. ತಣ್ಣೀರು ಸುರಿದು ಕಳಿಸಲಾದೀತೇ? ಕಮಲಾಪುರದ ಮನೆಯ ಹಿತ್ತಿಲನ್ನೆಲ್ಲ ಹುಡುಕಿದಾಗ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಬಿಳಿಯ ಚೌಕ ಕಲ್ಲೊಂದು ಸಿಕ್ಕಿತು. ಒಲೆಗೆ ಹೇಳಿ ಮಾಡಿಸಿದಂತಿತ್ತು.

ಅದು ಕಲ್ಲಲ್ಲ, ಪಾಂಡುರಂಗನ ಒಂದು ವರ್ಷ. ಇಂಜಿನಿಯರಿಂಗ್ ಸಂಶೋಧನೆ ಕಲಿಯಲು ಸಾಹೇಬರ ಕೈಕೆಳಗೆ ಸೇರಿದ ಉಮೇದುವಾರ ವರ್ಷದೊಳಗೆ ಯಾರೂ ಮಾಡದ ವಸ್ತುವೊಂದನ್ನು ಮಾಡಿ ತೋರಿಸಬೇಕು. ಇಲ್ಲವಾದರೆ ಮನೆ. ಮನೆಯಲ್ಲಿ ಅವನ ಅಪ್ಪ ಮಠದ ಅಡಿಗೆಮನೆಯ ಸೌಟು ಹಿಡಿಸಲು ಕಾದು ಕೂತಿದ್ದ. ಪಾಂಡುರಂಗ ಸುಣ್ಣ, ಮರಳು, ಬೆಲ್ಲಕ್ಕೆ ಕಮಲಾಪುರದ ಕೆಂಪು ಬಾಳೆಹಣ್ಣು ಅರೆದು ಸೇರಿಸಿ ಗಾರೆಗಟ್ಟಿ ಮಾಡಿದ್ದ. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದರೆ, ಇವನ ಪ್ರಾಣ ಆ ಗಟ್ಟಿಯಲ್ಲಿತ್ತು.

ಸ್ನಾನ ಮುಗಿಸಿ ಹೊರಬಂದವನು ಒಲೆ ನೋಡಿದ. ನೀರು ಕಾದಿತ್ತು, ಗಟ್ಟಿ ಹೋಳಾಗಿತ್ತು. ಹೋಳಿನೊಳಗಿಂದ ಇರುವೆಗಳು ಹೊರಟಿದ್ದವು.

ಅತ್ತೆಗೆ ಹೇಳಿದರೆ ಅತ್ತು ಕರೆದಾಳೆಂದು ಹೋಳುಗಳನ್ನು ಬೂದಿಯಲ್ಲಿ ಮುಚ್ಚುತ್ತಿದ್ದಾಗ ಗೋಡೆಯ ಮೇಲೆ ನೆರೆಮನೆಯ ದುಂಡಮ್ಮನ ತಲೆ ಮೂಡಿತು.

"ಹೆದರಬ್ಯಾಡ ತಮ್ಮಾ. ನಮ್ಮ ಹಾಳು ಬಾವಿ ಗ್ವಾಡಿ ಬಿದ್ದದಲ್ಲ, ಅದರ ಗಾರಿ ತುಣುಕು ಒಯ್ಯಿ. ಮುತ್ತಜ್ಜನ ಕಾಲದ್ದು. ಗುದ್ದಿ ಗುದ್ದಿ ನಮ್ಮ ಎಮ್ಮಿ ಕೋಡು ಮುರಕೊಂಡದ, ಗಾರಿ ಜಗ್ಗಿಲ್ಲ."

"ಅದು ಮೋಸ ಆಗ್ತದ ದುಂಡಮ್ಮ."

"ಮೋಸ ಯಾಕ? ನಿಂದೂ ಸುಣ್ಣ, ಅದೂ ಸುಣ್ಣ. ವಯಸ್ಸಿನಾಗ ಅಷ್ಟ ಫರಕು."

ಕಲ್ಲಿಗೆ ತಿಕ್ಕಿ ತಿಕ್ಕಿ ತುಣುಕನ್ನು ಚೌಕ ಮಾಡುವಷ್ಟರಲ್ಲಿ ಚಾಂದಪಾಶಾನ ಟಾಂಗಾ ಬಂತು. ಅಳಿಯನ ಗೆಲುವು ನೋಡಲು ತುಂಗಾಬಾಯಿ ಹತ್ತಿದಳು. ಕಲಬುರಗಿಯ ರೋಜಾ ದರ್ಗಾದಲ್ಲಿ ಹರಕೆಯಿದೆಯೆಂದು ದುಂಡಮ್ಮನೂ ಹತ್ತಿದಳು.

ದಾರಿಯಲ್ಲಿ ಮಹಾಗಾಂವ ದಾಟಿದ ಮೇಲೆ ಚಾಂದಪಾಶಾ ಮಾತು ತೆಗೆದ. "ಹ್ವಾದ ವಾರ ಸಾಹೇಬರು ಒಬ್ಬ ಉಮೇದುವಾರನ್ನ ಓಡಿಸ್ಯಾರ್ರಿ. ನಾನೇ ಊರಿಗಿ ಬಿಟ್ಟು ಬಂದೆ. ಹಾದಿಗುಂಟ ಅತ್ತ. ನಮ್ಮ ಕುದುರಿಗೂ ಬ್ಯಾಸರ ಆತು."

ಪಾಂಡುರಂಗ ಗಾರೆಯ ತುಣುಕನ್ನು ಮಡಿಲಿಗೆಳೆದುಕೊಂಡ.

ಕಚೇರಿಯ ಪಡಸಾಲೆಯಲ್ಲಿ ಹೆಂಗಸರು ಕೂತರು. ಅಂಗಳದಲ್ಲಿ ಸಾಹೇಬರ ಜವಾನ ಸುತ್ತಿಗೆ ಎತ್ತಿದ. ಪಾಂಡುರಂಗ ಕಣ್ಣು ಮುಚ್ಚಿ ಕುಲದೇವರನ್ನೆಲ್ಲ ಕರೆದ. ಏಟಿನ ಮೇಲೆ ಏಟು ಬಿತ್ತು. ಏನೋ ಲಟಕ್ಕೆಂದಿತು. ಕಣ್ಣು ಬಿಟ್ಟರೆ ಮುರಿದದ್ದು ಸುತ್ತಿಗೆಯ ಹಿಡಿಕೆ.

ಸಾಹೇಬರು ಕುರ್ಚಿಯಿಂದ ಎದ್ದರು. "ಇದರಾಗ ಏನೇನು ಹಾಕೀದಿ?"

ಹೆದರಿದ ನಾಲಿಗೆ ಕಲಿತ ಪಾಠವನ್ನೇ ಒಪ್ಪಿಸಿತು. "ಸುಣ್ಣ, ಮರಳು, ಬೆಲ್ಲ... ಕೆಂಪು ಬಾಳೆಹಣ್ಣು, ಹುಜೂರ್."

"ಶಾಬಾಸ್. ಮೊದಲನೇ ವರ್ಷ ಪಾಸು."

ಪಾಂಡುರಂಗನಿಗೆ ಉಸಿರು ಬಂತು. ಅದು ಪೂರ್ತಿ ಒಳಗೆ ಹೋಗುವ ಮೊದಲೇ ಸಾಹೇಬರು ಮುಂದುವರಿಸಿದರು.

"ಕಮಲಾಪುರದ ಹಳ್ಳಕ್ಕ ಕಮಾನಿನ ಸೇತುವೆ ಕಟ್ಟೋದದ. ಬಾಳೆಹಣ್ಣು ಎಷ್ಟು ಗಾಡಿ ಬೇಕೋ ತರಸು. ನಿನ್ನ ಎರಡನೇ ವರ್ಷದ ಕೆಲಸ ಅದೇ. ಕಮಾನಿಗಿ ಕೊಟ್ಟ ಕಟ್ಟಿಗಿ ಆಸರ ಬಿಚ್ಚೋ ದಿನ ಗಾರಿ ಮಾಡಿದವ ಅದರ ಬುಡಕ ನಿಂದರಬೇಕು. ನಮ್ಮ ಉಸ್ತಾದರ ಕಾಲದಿಂದ ನಡದು ಬಂದ ದಸ್ತೂರ."

ಹೋಳಿನಿಂದ ಹೊರಟ ಇರುವೆಗಳು ಬೆನ್ನಮೇಲೆ ಹರಿದಂತಾಯಿತು. ನಿಜ ಹೇಳಿದರೆ ಸೌಟು, ಸುಮ್ಮನಿದ್ದರೆ ಕಮಾನು. ಸೌಟೇ ಮೇಲೆಂದು ಬಾಯಿ ತೆರೆದ. ಅಷ್ಟರಲ್ಲಿ ಪಡಸಾಲೆಯಿಂದ ತುಂಗಾಬಾಯಿಯ ದನಿ ಕೇಳಿಸಿತು.

"ನಿಂದರ್ತಾನ್ರಿ ಸಾಹೇಬರ. ಅವನೊಬ್ಬನೇ ಯಾಕ, ಅವನ ಬಾಜೂಕ ನಾನೂ ನಿಂದರ್ತೀನಿ. ನಮ್ಮ ದುಂಡಮ್ಮನೂ ನಿಂದರ್ತಾಳ."

ದುಂಡಮ್ಮ ಸೆರಗು ಕೊಸರಿಕೊಂಡು ದೂರ ಸರಿದಳು. "ನಾ ಬರಾಂಗಿಲ್ಲವ್ವ. ಅವತ್ತು ನನಗ ಜ್ವರ."

"ಯಾವತ್ತಂತ ಸಾಹೇಬರು ಇನ್ನಾ ಹೇಳೇ ಇಲ್ಲಲ್ಲ?"

"ಯಾವತ್ತರೆ ಇರ್ಲಿ," ಎಂದಳು ದುಂಡಮ್ಮ, "ಅವತ್ತೇ ಜ್ವರ."