ಆರ್ಲೋನ ಹೊಂಡದ ಜಿಂಕೆ

ಈ ವರ್ಷವೂ ಬರಿಗೈಯಲ್ಲಿ ಬಂದರೆ ಬೇಟೆಯನ್ನೇ ಬಿಟ್ಟುಬಿಡುತ್ತೇನೆ ಎಂದು ದನದ ಮೇವಿನ ಅಂಗಡಿಯಲ್ಲಿ ನಾಲ್ಕು ಜನರೆದುರು ಹೇಳಿದ್ದೇ ವೆಂಡೆಲ್ ಡ್ರೈಲಿಂಗ್ ಮಾಡಿದ ತಪ್ಪು. ಕ್ಯಾನ್ಸಸ್‌ನ ಆ ಊರಿನಲ್ಲಿ ಆಡಿದ ಮಾತು ಗಾಳಿಗಿಂತ ಬೇಗ ಮನೆಮನೆ ಹೊಗುತ್ತದೆ.

ಬಿಲ್ಲುಬೇಟೆ ಶುರುವಾಗುವ ದಿನ. ಮೈವಾಸನೆ ಜಿಂಕೆಗೆ ತಗಲಬಾರದೆಂದು ಸೋಪು ಹಚ್ಚದೆ ಮಿಂದು, ಕಾಫಿಯನ್ನೂ ಕುಡಿಯದೆ ಹೊರಟವನನ್ನು ಪಕ್ಕದ ಮನೆಯ ಡೊರೀನ್ ತಡೆದಳು. ಗೇಲಿ ಮಾಡುತ್ತಾಳೆಂದುಕೊಂಡರೆ, ಸೇಬಿನ ಪೈ ಕೈಗಿಟ್ಟು ಹರಸಿದಳು. ಮೇವಿನ ಅಂಗಡಿಯವನು ತನ್ನ ಮೆತ್ತನೆಯ ಕುರ್ಚಿಯನ್ನೇ ಕೊಟ್ಟ. ವೆಂಡೆಲ್ ಪ್ರತಿವರ್ಷ ಜಿಂಕೆಗೆ ಕಾದು ಕೂರುವ ಹೊಂಡದ ಒಡೆಯ ಆರ್ಲೋ ಅಂತೂ ಬೇರೆ ಬೇಟೆಗಾರರನ್ನೆಲ್ಲ ಓಡಿಸಿ ಗೇಟಿನ ಬಳಿ ಕಾದಿದ್ದ.

"ಕತ್ತಲಾಗೋವರ್ಗೂ ಏಳ್ಬೇಡ ಕಣೋ. ಇಡೀ ಊರು ನಿನ್ನೇ ನಂಬ್ಕೊಂಡಿದೆ."

"ನಂಬ್ದೆ ಇದ್ರೂ ಹೊಡೀತೀನಿ. ನಿಮ್ಮ ಕರುಣೆ ನಂಗೆ ಬೇಡ," ಎಂದ ವೆಂಡೆಲ್. ಪೈ ಮಾತ್ರ ಹಿಂದಿರುಗಿಸಲಿಲ್ಲ.

ಸುತ್ತಲಿನ ಹಳ್ಳಗಳೆಲ್ಲ ಒಣಗಿದ್ದವು; ಜಿಂಕೆ ನೀರಿಗೆ ಬಂದರೆ ಇಲ್ಲಿಗೇ ಬರಬೇಕು. ಹುಲ್ಲಿನ ಮರೆಯಲ್ಲಿ, ಸಂಡಿಗೆಯಂತೆ ಒಣಗುತ್ತ, ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸದೆ ಕಾದ. ಇಳಿಹೊತ್ತಿಗೆ, ಮರವನ್ನೇ ತಲೆಯ ಮೇಲೆ ಹೊತ್ತಂಥ ಕೋಡಿನ ಗಂಡುಜಿಂಕೆ ದಂಡೆಗಿಳಿಯಿತು. ವೆಂಡೆಲ್ ಉಸಿರು ಬಿಗಿಹಿಡಿದು ಹೆದೆಯೆಳೆದ.

ಗುಡುಗಿತು. ಜಿಂಕೆ ಒಂದೇ ನೆಗೆತಕ್ಕೆ ಮಾಯವಾಯಿತು, ಬಾಣ ಕೆಸರಿಗೆ ನಾಟಿತು. ಮಳೆ ಕೊಡದಲ್ಲಿ ಸುರಿದಂತೆ ಸುರಿಯಿತು. ಇನ್ನು ಚರಂಡಿ ಚರಂಡಿಯಲ್ಲೂ ನೀರು. ಯಾವ ಜಿಂಕೆ ಈ ಹೊಂಡ ಹುಡುಕಿಕೊಂಡು ಬಂದೀತು?

ತೊಯ್ದ ಕೋಳಿಯಂತೆ ಗೇಟಿಗೆ ಬಂದರೆ, ಅರ್ಧ ಊರು ಟೋಪಿ ತೆಗೆದು ಮಳೆಗೆ ಮುಖವೊಡ್ಡಿ ನಿಂತಿತ್ತು. ಅವನನ್ನು ಕಂಡು ಚಪ್ಪಾಳೆ ತಟ್ಟಿತು.

"ಜಿಂಕೆ ತಪ್ಪಿಸ್ಕೊಳ್ತು," ಎಂದ ವೆಂಡೆಲ್.

"ಜಿಂಕೆ ಯಾರಿಗೆ ಬೇಕಾಗಿತ್ತಪ್ಪ?" ಎಂದಳು ಡೊರೀನ್. "ಮೂರು ವರ್ಷದಿಂದ ನೀನು ಇಲ್ಲಿ ಕೂತ ದಿನಾನೇ ಮಳೆ ಬಂದಿದೆ. ನಾವು ಗೋಧಿ ಬಿತ್ಬೇಕಲ್ಲ."

ತಾನು ಹಾಳು ಅದೃಷ್ಟವೆಂದು ಶಪಿಸಿದ್ದ ಮಳೆಯನ್ನೇ ಊರು ಬೆಳೆಗೆ ಬಳಸಿಕೊಂಡಿತ್ತು. ವೆಂಡೆಲ್ ಬಿಲ್ಲನ್ನು ನೆಲಕ್ಕೆ ಒಗೆದ.

"ಮಾತು ಅಂದ್ರೆ ಮಾತು. ಇವತ್ತಿಗೆ ಬೇಟೆ ಬಿಟ್ಟೆ. ದೇವ್ರೇ ಬಂದು ಕೇಳಿದ್ರೂ ಇನ್ನು ಕೂರಲ್ಲ."

ದೇವರು ಬರಲಿಲ್ಲ. ಪಕ್ಕದೂರಿನ ಮೂವರು ರೈತರನ್ನು ಜೊತೆಗೆ ಕಟ್ಟಿಕೊಂಡು ಚರ್ಚಿನ ಪಾದ್ರಿ ಬಂದರು.

"ಇವರ ಕಡೆ ಹನಿ ಕೂಡ ಬಿದ್ದಿಲ್ವಂತೆ, ವೆಂಡೆಲ್. ನಾಳೆ ನೀನು ಬರ್ತೀಯ ಅಂತ ಮಾತು ಕೊಟ್ಬಿಟ್ಟಿದೀನಿ. ಬಿಲ್ಲೇನೂ ತರೋದು ಬೇಡ, ಸುಮ್ನೆ ಕೂತ್ರೆ ಸಾಕಂತೆ."