ಅತ್ತೆಯ ಎಡಗಾಲಿನ ಕಾಯಿದೆಗಳು

ನನ್ನ ಸೋದರತ್ತೆಯ ಬಲಗಾಲಿನ ಹಿಮ್ಮಡಿ ಎಲ್ಲರ ಹಿಮ್ಮಡಿಯಂತೆ ಒಡೆದಿದೆ. ಎಡಗಾಲಿನದರ ಮೇಲೆ ಒಂದು ಗೀರೂ ಇಲ್ಲ. ದಿನವೂ ಸ್ನಾನವಾದ ಮೇಲೆ ಆ ಒಂದಕ್ಕೆ ಮಾತ್ರ ಕೊಬ್ಬರಿ ಎಣ್ಣೆ. ಬಬಲೇಶ್ವರದ ಅರ್ಧ ಊರು ಆ ಕಾಲಿನಿಂದ ಒದೆ ತಿಂದಿದೆ ಎಂದರೆ ನೀವು ನಂಬಲಿಕ್ಕಿಲ್ಲ. ತಿಂದವರು ಸಿಟ್ಟಾಗುವುದಿಲ್ಲ, ತೆಂಗಿನಕಾಯಿ ಕೊಟ್ಟು, ಕೈ ಮುಗಿದು ಹೋಗುತ್ತಾರೆ.

ಅತ್ತೆ ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿ ಬಂದವಳು. ಅಂಥವರು ಎಡಗಾಲನ್ನು ಬೆನ್ನಿಗೆ ಮೂರು ಸಲ ಮುಟ್ಟಿಸಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಉಳಿದವರು ಮುಟ್ಟಿಸುತ್ತಾರೆ. ಅತ್ತೆ ಒದೆಯುತ್ತಾಳೆ.

ನಾನು ಓದಿದ್ದು ಫಿಸಿಯೋಥೆರಪಿ; ವಿಜಯಪುರದ ಜಲನಗರದಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸ, ಅತ್ತೆಯ ಮನೆಯಿಂದಲೇ ಹೋಗಿಬರುತ್ತೇನೆ. ಹಿಡಿದುಕೊಂಡ ಸ್ನಾಯು ಬಹುಪಾಲು ಕೆಲವು ದಿನಗಳಲ್ಲಿ ತಾನಾಗಿಯೇ ಸಡಿಲವಾಗುತ್ತದೆ, ಅದರಲ್ಲಿ ಒದೆಯ ಪಾತ್ರ ಏನೂ ಇಲ್ಲ ಎಂದು ಒಮ್ಮೆ ಅವಳಿಗೆ ವಿವರಿಸಿದ್ದೆ.

"ತಾನ ಬಿಡ್ತೈತಿ ಅಂದ್ರ ನೀ ಹತ್ತ ದಿನ ಯಾಕ ಕರೀತೀ ಅವರನ್ನ?" ಎಂದಳು.

ಕಳೆದ ವರ್ಷ ಅತ್ತೆ ಹೊಸ ಕಾಯಿದೆಗಳನ್ನು ತರತೊಡಗಿದಳು. ಮಧ್ಯಾಹ್ನದ ಮೇಲೆ ಒದೆಯಿಲ್ಲ. ದಿನಕ್ಕೆ ಇಬ್ಬರೇ. ಆಮೇಲೆ ಮೂರು ಒದೆ ಎರಡಾಯಿತು.

"ಮೂರು ಇತ್ತಲ್ರಿ ಅವ್ವಾರ?" ಎಂದು ಮಮದಾಪುರದ ಕುರಿಗಾರನೊಬ್ಬ ಧೈರ್ಯ ಮಾಡಿ ಕೇಳಿದ.

"ನಿನ್ನ ಸೊಂಟಕ್ಕ ಎರಡ ಸಾಕು. ಮೂರನೇದು ಕೊಟ್ರ ಮತ್ತ ಹಿಡೀತೈತಿ."

ಅವನು ಮೂರನೆಯದರಿಂದ ಪಾರಾದೆನೆಂಬ ಸಮಾಧಾನದಲ್ಲಿ ಹೋದ.

ಊಟದಲ್ಲೂ ತಕರಾರು. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು, "ಈಗಿನ ಜ್ವಾಳದಾಗ ಜೀವ ಇಲ್ಲ. ಅಗದ ಅಗದ ದವಡಿ ಸೋತು ಹೊಕ್ಕಾವ" ಎನ್ನುವಳು. ಒಂದು ಸಂಜೆ ಧಾರಾವಾಹಿ ನೋಡುತ್ತ ನನ್ನನ್ನು ಕರೆದಳು. "ಬಾ ಬೇ ಇಲ್ಲಿ. ಈ ಸೊಸಿಗೆ ಅವಳಿ ತಂಗಿ ಬಂದಾಳ ನೋಡು. ಅದ ಸೀರಿ ಉಟ್ಟು ಬಾಜೂಕ ನಿಂತಾಳ."

ಪರದೆಯ ಮೇಲೆ ಒಬ್ಬಳೇ ಸೊಸೆಯಿದ್ದಳು. ನಾನು ನಕ್ಕೆ. ಮರುದಿನ ಕ್ಲಿನಿಕ್ಕಿನಲ್ಲಿ ಹೇಳಿ ಅಲ್ಲಿಯವರನ್ನೂ ನಗಿಸಿದೆ. ಐದು ವರ್ಷ ನರ, ಸ್ನಾಯುಗಳನ್ನೇ ಓದಿದ್ದವಳು ನಾನು.

ಕಳೆದ ತಿಂಗಳು ಒಂದು ಭಾನುವಾರದ ಸಂಜೆ ತಿಕೋಟಾದ ದ್ರಾಕ್ಷಿ ವ್ಯಾಪಾರಿಯೊಬ್ಬರು ಸೊಂಟ ಹಿಡಿದುಕೊಂಡು ಬಂದರು. ಅತ್ತೆ ಕಾಯಿದೆ ಹೇಳಿದಳು. "ಬೆಳತನಕ ತಡ್ಯಾಕ ಆಗೂದಿಲ್ರಿ ಯವ್ವಾ" ಎಂದು ಅವರು ಗೋಡೆಯ ಕಡೆ ಮುಖ ಮಾಡಿ ಕುಳಿತೇಬಿಟ್ಟರು.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ಎಡಗಾಲು ಎತ್ತಿದಳು. ನಾಲ್ಕು ಬೆರಳಷ್ಟು ಎದ್ದು ಬಿತ್ತು. ಇನ್ನೊಮ್ಮೆ ಎತ್ತಿದಳು, ಎರಡು ಬೆರಳು. ಮೂರನೆಯ ಸಲ ನೆಲ ಬಿಡಲೇ ಇಲ್ಲ.

"ಆತೇನ್ರಿ?" ಎಂದರು ಅವರು ಗೋಡೆಗೆ.

"ಆತು. ಏಳು."

ಅವರು ಎದ್ದು, ಸೊಂಟವನ್ನು ಆಚೆ ಈಚೆ ತಿರುಗಿಸಿ, "ಹಗುರ ಆತು ನೋಡ್ರಿ" ಎಂದು ಕಾಯಿ ಇಟ್ಟು ಹೋದರು.

ನನಗೆ ನಗು ಬರಲಿಲ್ಲ. ಅತ್ತೆಯ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು.

"ಮುಂಜಾನೆ ಎಲ್ಲಾ ಬರೋಬರಿ ಇರ್ತೈತಿ," ಎಂದಳು, ನಾನು ಕೇಳುವ ಮೊದಲೇ. "ಹೊತ್ತು ಏರಿದಂಗ ಕಾಲು ನನ್ನ ಮಾತು ಕೇಳವಲ್ದು."

ಕಾಲು ಎತ್ತಬೇಕಾದರೆ ನರ ಹೇಳಬೇಕು, ಸ್ನಾಯು ಅದನ್ನು ಕೇಳಿ ಕುಗ್ಗಬೇಕು. ಇಬ್ಬರ ನಡುವೆ ಒಂದು ಸಣ್ಣ ಸಂದಿಯಿದೆ. ಹೇಳಿದ ಮಾತು ಆ ಸಂದಿಯಲ್ಲೇ ಕ್ಷೀಣಿಸುವ ಕಾಯಿಲೆಯೊಂದಿದೆ. ಬೆಳಿಗ್ಗೆ ಸರಿಯಿರುವ ಸ್ನಾಯು ಬಳಸಿದಷ್ಟೂ ಸೋಲುತ್ತದೆ: ಕಾಲು, ದವಡೆ, ರೆಪ್ಪೆ. ಒಂದು ವಸ್ತು ಎರಡಾಗಿ ಕಾಣುತ್ತದೆ. ಕಾಯಿದೆಗಳೆಲ್ಲ ಏಕೆ ಬಂದವೆಂದು ನನಗೆ ಒಟ್ಟಿಗೇ ತಿಳಿಯಿತು. ಖಚಿತವಾಗಿ ಹೇಳಬೇಕಾದವರು ನರರೋಗದ ವೈದ್ಯರು. ಅದೇ ಕಾಯಿಲೆಯಾಗಿದ್ದರೆ ಮಾತ್ರೆಗಳಿವೆ, ಬಹಳ ಜನ ಚೆನ್ನಾಗಿರುತ್ತಾರೆ. ಹಾಗೇ ಬಿಟ್ಟರೆ ನುಂಗುವ, ಉಸಿರಾಡುವ ಸ್ನಾಯುಗಳೂ ಸೋಲಬಹುದು. ಇಷ್ಟನ್ನೂ ಅತ್ತೆಗೆ ಹೇಳಿದೆ.

"ನಾ ದವಾಖಾನಿಗೆ ಬರಾಂಗಿಲ್ಲ. ಒದಿಯಾಕಿ ಕಾಲ ಬಿದ್ದೈತಿ ಅಂದ್ರ ಯಾರ ಬರ್ತಾರ ನನ್ನ ಬಾಗಿಲಿಗೆ?"

"ಬರದಿದ್ರ ಬಿಡ್ಲಿ ಬೇ ಅತ್ತಿ."

"ನಿನಗ ಹಂಗ ಅನಸ್ತೈತಿ. ನಿನ್ನ ಹೆಸರು ಬೋರ್ಡಿನ ಮ್ಯಾಲ ಐತಿ. ನನ್ನ ಹೆಸರು ಈ ಓಣ್ಯಾಗ ಯಾರಿಗಿ ಗೊತ್ತೈತಿ ಹೇಳು? ನಾಲ್ಕು ಮಂದಿ ಅವ್ವಾ ಅಂತ ಬರ್ತಾರಂದ್ರ, ಈ ಕಾಲಿನ ಸಲುವಾಗಿ."

ಮಂದಿಗೆ ಹೇಳುವುದನ್ನು ನನಗೆ ಬಿಡು, ನೀನು ಬಂದರೆ ಸಾಕು ಎಂದೆ. ಅತ್ತೆ ವ್ಯಾಪಾರಿಯ ಕಾಯಿಯನ್ನು ಒಳಗಿಟ್ಟು ಬಂದು, ಯಾವ ಬಸ್ಸು ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ವಿಜಯಪುರದ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿಗೆ ನಮ್ಮ ಓಣಿಯ ಹೆಂಗಸೊಬ್ಬಳು ಬಂದು ಕುಳಿತಳು. "ಇಷ್ಟ ಮುಂಜಾನೆ ಎಲ್ಲಿಗಿ ಹೊಂಟೀರಿ?"

"ದವಾಖಾನಿಗ್ರಿ" ಎಂದೆ.

"ಯಾರಿಗಿ ಆರಾಮ ಇಲ್ಲ?"

ಅತ್ತೆ ಕಿಟಕಿಯ ಕಡೆ ತಿರುಗಿದಳು.

"ನನಗ್ರಿ. ಅತ್ತಿ ನನ್ನ ಕರ್ಕೊಂಡು ಹೊಂಟಾಳ."

ಆ ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಪಾಪ, ಇನ್ನಾ ಲಗ್ನ ಆಗಬೇಕಾದ ಹುಡುಗಿ" ಎಂದಳು.

ನಾವು ವಿಜಯಪುರ ಮುಟ್ಟುವ ಮೊದಲೇ ಸುದ್ದಿ ಬಬಲೇಶ್ವರ ಮುಟ್ಟುತ್ತದೆಂದು ಗೊತ್ತಿತ್ತು. ಯಾರಾದರೂ ನನ್ನ ವಿಷಯ ಮಾತಾಡುವುದು ನನಗೆ ಸೇರುವುದಿಲ್ಲ. ನಾನು ಅತ್ತೆಯ ಹೆಗಲಿಗೆ ತಲೆಯಿಟ್ಟು, ಸೋತವಳಂತೆ ಕಣ್ಣು ಮುಚ್ಚಿದೆ.