ಹುಡುಗ ಹೇಗೆ ಅಂತ ಕೇಳಿದರೆ

ಒಬ್ಬ ಮನುಷ್ಯ ಎಂಥವನು ಎಂಬುದನ್ನು ಇನ್ನೊಬ್ಬನಿಗೆ ಫೋನು ಮಾಡಿ ತಿಳಿದುಕೊಳ್ಳಬಹುದು ಎಂದು ನಮ್ಮವರು ನಂಬಿರುವಷ್ಟು ಗಟ್ಟಿಯಾಗಿ ಬೇರೆ ಯಾರೂ ನಂಬಿರಲಾರರು. ಅಮೆರಿಕದ ರಾಲಿಯ ಸುತ್ತಮುತ್ತ ಕೆಲಸಕ್ಕಿರುವ ಕನ್ನಡದ ಹುಡುಗರಲ್ಲಿ ಯಾರಿಗಾದರೂ ಹೆಣ್ಣು ಗೊತ್ತಾಗುವ ಹಾಗಿದ್ದರೆ, ಜಯನಗರದಿಂದಲೋ ಮೈಸೂರಿನಿಂದಲೋ ಫೋನು ಬರುವುದು ನನ್ನ ಮನೆಗೆ. ನನ್ನನ್ನೇ ಏಕೆ ಆರಿಸಿಕೊಂಡರೆಂದು ಬಹಳ ಕಾಲ ತಿಳಿದಿರಲಿಲ್ಲ. ಪಕ್ಕದ ಕೇರಿ ಎಂಬ ಊರಿನಲ್ಲಿರುವ ಪರಿಚಯದ ಸುಧಾ ಒಂದು ದಿನ ಬಿಡಿಸಿ ಹೇಳಿದರು. "ನಿಮಗೆ ಮದುವೆ ಆಗಿಲ್ಲ ರಾಯರೇ. ಹೆಣ್ಣುಮಕ್ಕಳೂ ಇಲ್ಲ, ನಾದಿನಿಯರೂ ಇಲ್ಲ. ಒಳ್ಳೇ ಹುಡುಗನ್ನ ಮನೇಲೇ ಇಟ್ಕೊಳ್ಳೋಣ ಅನ್ನೋ ಆಸೆ ನಿಮಗೆ ಇರಲ್ವಲ್ಲ. ಅದಕ್ಕೇ ನಿಮ್ಮ ಮಾತು ನಂಬ್ತಾರೆ."

ಹೀಗೆ, ವರನೆಂದು ಯಾರೂ ಯಾರ ಹತ್ತಿರವೂ ವಿಚಾರಿಸದೆ ಬಿಟ್ಟುಬಿಟ್ಟ ನಾನು ಊರ ವರಗಳಿಗೆಲ್ಲ ಸರ್ಟಿಫಿಕೇಟು ಕೊಡುವವನಾದೆ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಾಗ ಆ ಕಡೆಯಿಂದ ಒಂದು ಹಿರಿಯ ಧ್ವನಿ, "ಹುಡುಗ ಹೇಗೆ?" ಎನ್ನುತ್ತದೆ. ನನ್ನ ಉತ್ತರ ಸಿದ್ಧವಾಗಿಯೇ ಇರುತ್ತದೆ. "ತುಂಬಾ ಸಾಧು. ಜೋರಾಗಿ ಮಾತಾಡಿದ್ದು ನಾನು ಕೇಳೇ ಇಲ್ಲ. ಯಾರ ತಂಟೆಗೂ ಹೋಗೋನಲ್ಲ. ಕೆಲಸ ಬಿಟ್ರೆ ಮನೆ. ಅವಸರ ಏನಿಲ್ಲ, ನಿಧಾನವಾಗಿ ಯೋಚನೆ ಮಾಡಿ." ಈ ಹುಡುಗರಲ್ಲಿ ಕೆಲವರನ್ನು ನಾನು ನೋಡಿರುವುದು ಯುಗಾದಿ ಊಟದ ಸಾಲಿನಲ್ಲಿ, ಅದೂ ಬೆನ್ನಿನ ಕಡೆಯಿಂದ. ಆದರೂ ಮದುವೆಗಳು ನಡೆದಿವೆ, ಯಾರೂ ಬಂದು ಜಗಳವಾಡಿಲ್ಲ. ಸಾಧುವಾದ ಹುಡುಗರು ನಿಜವಾಗಿಯೂ ಹೆಚ್ಚಿರಬೇಕು.

ಈ ಅಭ್ಯಾಸ ಮಂಜುಗಡ್ಡೆಯ ಮೇಲೆ ಐಸ್ ಹಾಕಿ ಆಡುವ ಒಬ್ಬ ಹುಡುಗನ ಬದುಕಿಗೆ ಅಡ್ಡ ಬಂದೀತೆಂದು ಯಾರು ತಾನೇ ಊಹಿಸಿದ್ದರು?

ಆಗ ನಾನು ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿದ್ದೆ. ಮೂರು ಮಲಗುವ ಕೋಣೆಯ ಮನೆ ಕೊಂಡಿದ್ದೆ. ಎರಡು ಕೋಣೆಗಳ ಬಾಗಿಲನ್ನು ಧೂಳು ಹೊಡೆಯುವುದಕ್ಕೆ ಮಾತ್ರ ತೆಗೆಯುತ್ತಿದ್ದೆ. ಊರಿನ ಸಣ್ಣ ಲೀಗಿನ ಹಾಕಿ ತಂಡದವರು ಆಟಗಾರರಿಗೆ ಚಳಿಗಾಲ ಕಳೆಯಲು ಮನೆಗಳು ಬೇಕೆಂದು ನಮ್ಮ ಆಫೀಸಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ಅದನ್ನು ಓದಿ ಏಕೆ ಫೋನು ಮಾಡಿದೆ ಎಂಬುದಕ್ಕೆ ನನ್ನ ದಿನಚರಿಯಲ್ಲಿ "ಮನೆ ಬೆಚ್ಚಗಿರಲಿ ಎಂದು" ಎಂದಿದೆ. ಮನೆಗೆ ಹೀಟರ್ ಇತ್ತು. ದಿನಚರಿಯಲ್ಲಿ ಸುಳ್ಳು ಬರೆಯುವವರಿದ್ದಾರೆ. ನಾನು ಅರ್ಧ ಬರೆದು ಮಲಗಿಬಿಡುತ್ತೇನೆ.

ಬಂದವನು ಟ್ರೆವರ್. ಕೆನಡಾದ ಗೋಧಿ ಬೆಳೆಯುವ ಕಡೆಯವನು, ಇಪ್ಪತ್ತು ವರ್ಷ, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ನನ್ನದು ರಸಾಯನಶಾಸ್ತ್ರದ ಡಾಕ್ಟರೇಟ್ ಎಂದು ಎಷ್ಟು ಹೇಳಿದರೂ "ಡಾಕ್" ಎಂದು ಕರೆದು ಮೊಣಕಾಲು ತೋರಿಸುತ್ತಿದ್ದ. ಸಾರು ಕುಡಿದು ಮೂಗು ಒರೆಸಿಕೊಂಡು, "ಡಾಕ್, ಇದು ಊಟಾನಾ, ಟ್ರೀಟ್‌ಮೆಂಟಾ?" ಎಂದು ಕೇಳಿ ಇನ್ನೊಂದು ಲೋಟ ಹಾಕಿಸಿಕೊಳ್ಳುತ್ತಿದ್ದ. ಪ್ರಾಕ್ಟೀಸಿನಿಂದ ಬಂದು ದೊಡ್ಡ ಚೀಲವನ್ನು ಧೊಪ್ಪೆಂದು ಹಾಕಿದಾಗ ಇಡೀ ಮನೆ ಅದುರುತ್ತಿತ್ತು. ಮೊದಲ ವಾರ ಬೆಚ್ಚಿಬಿದ್ದೆ. ಆಮೇಲೆ ಆ ಧೊಪ್ಪಿಗಾಗಿ ಕಿವಿ ಕೊಟ್ಟು ಕೂರುತ್ತಿದ್ದೆ.

ಅವನು ಡಿಫೆನ್ಸ್ ಆಟಗಾರ. ಗೋಲಿನ ಮುಂದೆ ನಿಂತು, ನುಗ್ಗಿ ಬರುವವರಿಂದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಕಿತ್ತುಕೊಂಡು ತನ್ನವರಿಗೆ ಕೊಡುವುದು ಅವನ ಕೆಲಸ. ಅದೂ ಬಹುಪಾಲು ಹಿಂದುಹಿಂದಕ್ಕೆ ಜಾರುತ್ತ. ಮುಂದೆ ಆಡುವ ಹುಡುಗರು ಬೇಗ ದೊಡ್ಡ ಲೀಗಿಗೆ ಹೋಗುತ್ತಾರಂತೆ. ಅವರ ತಪ್ಪನ್ನು ಹಿಂದಿರುವವರು ಮುಚ್ಚುತ್ತಾರೆ. ಹಿಂದಿರುವವನ ತಪ್ಪು ಗೋಲಿನಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ಅವನು ಹಣ್ಣಾಗುವುದು ನಿಧಾನ. ಟ್ರೆವರ್‌ಗೂ ಅವನ ಜೊತೆ ಆಡುತ್ತಿದ್ದ ಇನ್ನೊಬ್ಬನಿಗೂ ಆ ಚಳಿಗಾಲ ಒಂದೇ ಚಿಂತೆ: ದೊಡ್ಡ ಲೀಗಿನವರು ಕರೆಯುತ್ತಾರೋ ಇಲ್ಲವೋ.

ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ದೊಡ್ಡ ತಂಡಕ್ಕಾಗಿ ಹುಡುಗರನ್ನು ನೋಡಿ ವರದಿ ಕೊಡುವ ಹಿರಿಯರೊಬ್ಬರು. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲಿ ನೆನಪಿಟ್ಟುಕೊಂಡಿದ್ದೇನೆ. ಅದರಲ್ಲಿ ಎಷ್ಟು ಅವರದು, ಎಷ್ಟು ನನ್ನದು ಎಂದು ಆಣೆ ಮಾಡಿ ಹೇಳಲಾರೆ.

"ಹುಡುಗ ಹೇಗೆ?" ಎಂದರು.

ಭಾನುವಾರ, ಕಾಫಿ, ಹಿರಿಯ ಧ್ವನಿ. ನನ್ನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. "ತುಂಬಾ ಸಾಧು," ಎಂದೆ. "ಜೋರಾಗಿ ಮಾತೂ ಆಡಲ್ಲ. ಯಾರ ತಂಟೆಗೂ ಹೋಗಲ್ಲ. ಜಗಳ ಕಂಡರೆ ಪಕ್ಕಕ್ಕೆ ಸರೀತಾನೆ."

ಆ ಕಡೆ ಕಾಗದ ಮಗುಚಿದ ಸದ್ದು. "ಹಾಗಾದ್ರೆ ಅವನಿಗೆ ಇನ್ನೂ ಸ್ವಲ್ಪ ಟೈಮ್ ಬೇಕು ಅಂತೀರಾ?"

"ಅವಸರ ಏನಿಲ್ಲ," ಎಂದೆ. "ನಿಧಾನವಾಗಿ ಯೋಚನೆ ಮಾಡಿ."

ಮುಂದಿನ ವಾರ ಜೊತೆಯ ಹುಡುಗನಿಗೆ ಕರೆ ಬಂತು. ಟ್ರೆವರ್ ಅಂದು ಚೀಲವನ್ನು ಧೊಪ್ಪೆನ್ನಿಸಲಿಲ್ಲ. ಮಗುವನ್ನು ಮಲಗಿಸುವಂತೆ ನೆಲಕ್ಕಿಟ್ಟು ಮೆಟ್ಟಿಲ ಮೇಲೆ ಕೂತ. "ನಾನಿನ್ನೂ ರೆಡಿ ಇಲ್ವಂತೆ ಡಾಕ್. ಯಾಕೆ ಅಂತ ಹೇಳಲ್ಲ. ಇಲ್ಲಿಗೆ ಬರೋಕೆ ನಮ್ಮಪ್ಪನ ಜೊತೆ ಜಗಳ ಆಡಿ ಬಂದಿದೀನಿ. ಈ ವರ್ಷ ಆಗ್ಲಿಲ್ಲ ಅಂದ್ರೆ ವಾಪಸ್ ಹೋಗಿ ಟ್ರ್ಯಾಕ್ಟರ್ ಓಡಿಸ್ತೀನಿ ಅಂತ ಮಾತು ಕೊಟ್ಟಿದೀನಿ."

ನಾನು ಸಾರು ಬಿಸಿ ಮಾಡಿದೆ.

ಸುಧಾ ಅವರಿಗೆ ಫೋನಿನ ವಿಷಯ ಹೇಳಿದಾಗ ಅವರು ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿಬಿಟ್ಟರು. "ಅಯ್ಯೋ ರಾಯರೇ! ಅವನೇನು ಮದುವೆ ಗಂಡಾ? ಅಡ್ಡ ಬಂದೋರನ್ನ ಗೋಡೆಗೆ ಅಪ್ಪಳಿಸೋದಕ್ಕೆ ಅಂತ ಇಟ್ಕೊಂಡಿರೋ ಹುಡುಗನ್ನ ಸಾಧು ಅಂದ್ರಾ?"

"ಬಾಯಿತಪ್ಪಿ ಬಂತು."

"ಬಾಯಿ ತಪ್ಪಿತೋ, ಅವನು ಹೋಗದೇ ಇರಲಿ ಅಂತ ಮನಸ್ಸಲ್ಲಿ ಇತ್ತೋ?" ಎಂದು ನಕ್ಕರು. ಅವರು ತಮಾಷೆಗೆ ಕೇಳಿದ್ದು. ಮನೆಗೆ ಬಂದು, ಫೋನು ಬಂದ ದಿನದ ದಿನಚರಿ ತೆಗೆದು ನೋಡಿದೆ. "ಟ್ರೆವರ್ ಬಗ್ಗೆ ಫೋನು ಬಂದಿತ್ತು. ಒಳ್ಳೆಯದನ್ನೇ ಹೇಳಿದೆ. ಬದನೆಕಾಯಿ ಹುಳಿ" ಎಂದಷ್ಟೇ ಇತ್ತು. ಯಾರಿಗೆ ಒಳ್ಳೆಯದು ಎಂದು ಬರೆದಿರಲಿಲ್ಲ.

ಧೈರ್ಯ ತಂದುಕೊಂಡು ಆ ಹಿರಿಯರಿಗೆ ನಾನೇ ಫೋನು ಮಾಡಿದೆ. "ಹುಡುಗ ಮಹಾ ಜಗಳಗಂಟ," ಎಂದೆ. "ಬೆಳಗಾದರೆ ಕೋಪ. ನಮ್ಮನೇಲಿ ಒಂದು ಕುರ್ಚಿ ಮುರಿದಿದಾನೆ." ಕುರ್ಚಿ ಮುರಿದದ್ದು ನಿಜ, ಆದರೆ ಸುಮ್ಮನೆ ಕೂತದ್ದಕ್ಕೆ.

ಅವರು ಕೆಮ್ಮು ಬರುವಷ್ಟು ನಕ್ಕರು. "ಸರ್, ನಾವು ಫೋನ್ ಮಾಡೋದು ಹುಡುಗ ಊಟ-ನಿದ್ದೆ ಸರಿಯಾಗಿ ಮಾಡ್ತಾನಾ ಅಂತ ತಿಳಿಯೋಕೆ. ರೆಡೀನಾ ಅಂತ ಹೇಳೋದು ಅವನ ಕಾಲು, ನೀವಲ್ಲ. ಕೇಳಿ, ಹಿಂದೆ ಒಬ್ಬನೇ ಉಳಿದಾಗ ಅವನು ಅತ್ತ ಇತ್ತ ನೋಡ್ತಾನೆ, ಯಾರಾದ್ರೂ ಬರ್ತಾರಾ ಅಂತ. ಅಷ್ಟರಲ್ಲಿ ಎದುರಾಳಿ ದಾಟಿ ಹೋಗಿರ್ತಾನೆ. ಅಲ್ಲಿ ಒಬ್ಬನೇ ಇರೋಕೆ ಯಾವತ್ತು ಹೆದರಲ್ವೋ ಅವತ್ತು ಅವನು ರೆಡಿ."

ನನಗೆ ಮೊದಲು ಸಮಾಧಾನವಾಯಿತು, ಆಮೇಲೆ ಸ್ವಲ್ಪ ಅವಮಾನವೂ ಆಯಿತು. ನನ್ನ ಸರ್ಟಿಫಿಕೇಟಿಗೆ ಬೆಲೆಯಿಲ್ಲ ಎಂದು ಯಾರೂ ಅಷ್ಟು ನೇರವಾಗಿ ಹೇಳಿರಲಿಲ್ಲ. ಜಯನಗರದವರೂ ಹೀಗೇ ನಗುತ್ತಿದ್ದಿರಬಹುದು, ರಿಸೀವರ್ ಇಟ್ಟ ಮೇಲೆ.

ಅವರ ಮಾತನ್ನು ಟ್ರೆವರ್‌ಗೆ ಹಾಗೇ ತಲುಪಿಸಿದೆ. ಅವನು ಬಟ್ಟಲನ್ನು ಎರಡು ಸಲ ತೊಳೆದ. ಅಂದಿನಿಂದ ಊರಿನಲ್ಲಿ ನಡೆದ ಆಟಗಳಿಗೆಲ್ಲ ನಾನು ಹೋದೆ. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಎಲ್ಲರೂ ಬಿಲ್ಲೆಯನ್ನು ನೋಡುವಾಗ ನಾನು ಒಬ್ಬ ಹುಡುಗನ ಕುತ್ತಿಗೆಯನ್ನು ನೋಡುತ್ತಿದ್ದೆ. ಅದು ಅತ್ತ ತಿರುಗುತ್ತಿತ್ತು, ಇತ್ತ ತಿರುಗುತ್ತಿತ್ತು. ಆ ಕುತ್ತಿಗೆಯ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಸಂಜೆ ಬೀದಿಯಲ್ಲಿ ಕಾರಿನ ಸದ್ದಾದರೆ ನನ್ನದೂ ಹಾಗೆಯೇ ಕಿಟಕಿಯ ಕಡೆ ತಿರುಗುತ್ತದೆ.

ಚಳಿ ಇಳಿಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಇಬ್ಬರು ಒಟ್ಟಿಗೆ ಅವನ ಮೇಲೆ ನುಗ್ಗಿದರು. ಹಿಂದೆ ಅವನೊಬ್ಬನೇ. ಕುತ್ತಿಗೆ ಅಲ್ಲಾಡಲಿಲ್ಲ. ಮನೆಯ ಹಜಾರದಲ್ಲಿ ಹಿಂದೆ ಸರಿಯುವವನಂತೆ ನಿಧಾನವಾಗಿ ಹಿಂದಕ್ಕೆ ಜಾರುತ್ತ, ಬಿಲ್ಲೆಯಿದ್ದವನನ್ನು ಮೂಲೆಗೆ ನೂಕಿಕೊಂಡು ಹೋಗಿ, ಮೆಲ್ಲಗೆ ಕಿತ್ತುಕೊಂಡು ಮುಂದಕ್ಕೆ ತಳ್ಳಿದ. ಗೋಲಾಗಲಿಲ್ಲ, ಏನೂ ಆಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನೊಬ್ಬ ಎದ್ದು ನಿಂತೆ. ಹಿಂದಿನವರು ಕೂರಲು ಹೇಳಿದರು. ಕೂತೆ. ದೊಡ್ಡ ತಂಡದವರಿಗಿಂತ ಮೊದಲೇ ನನಗೆ ತಿಳಿದುಹೋಗಿತ್ತು, ಅವನ ಕೋಣೆ ಖಾಲಿಯಾಗುತ್ತದೆ ಎಂದು.

ಖಾಲಿಯಾಯಿತು. ಹೋಗುವ ದಿನ ಟ್ರೆವರ್ ನನ್ನನ್ನು ತಬ್ಬಿಕೊಂಡ. ನನ್ನ ಮುಖ ಅವನ ಜಾಕೆಟ್ಟಿನ ಜಿಪ್ಪಿಗೆ ತಾಗಿತು. ಕಣ್ಣು ಉರಿದದ್ದು ಅದರಿಂದಲೇ ಎಂದು ದಿನಚರಿಯಲ್ಲಿ ಬರೆದಿದ್ದೇನೆ.

ಬೇಸಿಗೆ ಕಳೆದು ಒಂದು ಭಾನುವಾರ ಅದೇ ಹಿರಿಯರ ಫೋನು. ಇನ್ನೊಬ್ಬ ಡಿಫೆನ್ಸ್ ಹುಡುಗನನ್ನು ನನ್ನ ಮನೆಗೆ ಕಳಿಸಲೇ ಎಂದು ಕೇಳಿದರು. "ನಿಮ್ಮ ಬಗ್ಗೆ ಟ್ರೆವರ್ ಹತ್ರ ವಿಚಾರಿಸಿದ್ವಿ ಸರ್. ಮನೆಗೆ ಹುಡುಗನ್ನ ಕಳಿಸೋದಾದ್ರೆ ವಿಚಾರಿಸಬೇಕಲ್ಲ."

ಐವತ್ತೆರಡನೆಯ ವಯಸ್ಸಿಗೆ ಕೊನೆಗೂ ಯಾರೋ ನನ್ನ ಬಗ್ಗೆ ವಿಚಾರಿಸಿದ್ದರು. "ಏನಂದ?" ಎಂದೆ.

"ತುಂಬಾ ಒಳ್ಳೆಯೋರು ಅಂದ. ಯಾರ ತಂಟೆಗೂ ಹೋಗಲ್ಲ, ಕೆಲಸ ಬಿಟ್ರೆ ಮನೆ ಅಂದ. ಆದ್ರೆ ಒಬ್ಬರೇ ಇರೋಕೆ ಇನ್ನೂ ರೆಡಿ ಇಲ್ಲ, ಯಾರನ್ನಾದ್ರೂ ಬೇಗ ಕಳಿಸಿ ಅಂದ."

ಅವಸರ ಏನಿಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ, ಹುಡುಗ ಎಷ್ಟು ಗಂಟೆಗೆ ಬರುತ್ತಾನೆ ಎಂದು ಕೇಳಿ, ಬೇಳೆ ನೆನೆಹಾಕಲು ಎದ್ದೆ.